ಕೊಪ್ಪ ಬಾರದ ದಾರಿ

ತೀರ್ಥಹಳ್ಳಿಯಿಂದ ಶೃಂಗೇರಿಗೆ ಕೊಪ್ಪದ ಮೇಲೆ ಹೋಗಬೇಕೆಂದು ಮಗನು ಎಣಿಸಿದ್ದನು. ಆದರೆ ಪಕ್ಕದಲ್ಲಿ ಕುಳಿತಿದ್ದ ತಂದೆಯವರು ಈ ಸೀಮೆಯಲ್ಲಿ ಇಪ್ಪತ್ತು ವರ್ಷ ಮೇಷ್ಟರಾಗಿದ್ದವರು. ಅವರು ಕೈ ತೋರಿದತ್ತ ಕಾರು ತಿರುಗಿತು. ದಾರಿ ಬಲ್ಲವರಿಗೆ ಇನ್ನೊಬ್ಬರನ್ನು ಕೇಳುವುದೆಂದರೆ ಅವಮಾನವಲ್ಲವೆ!

“ಕೊಪ್ಪ ಇನ್ನೇನು ಬಂತು” ಎಂದು ಅವರು ಮೂರು ಸಲ ನುಡಿದರು. ಬಂದುದು ದಟ್ಟವಾದ ಕಾಡು. ಕಡೆಗೆ ಬಂದುದು ಆಗುಂಬೆ. ಮೊಬೈಲು ಆಗಲೇ ಮೂಕವಾಗಿತ್ತು.

“ಇಲ್ಲಿಂದಲೂ ಬೇಗಾರಿನ ಮೇಲೆ ಶೃಂಗೇರಿಗೆ ದಾರಿಯುಂಟು, ಮಾರಾಯ್ರೆ” ಎಂದು ಹೋಟೆಲಿನವನು ಧೈರ್ಯ ಹೇಳಿದನು.

ಮುಂಗಾರಿನಲ್ಲಿ ದಿನಗಟ್ಟಲೆ ಸೂರ್ಯನನ್ನೇ ಕಾಣದ ಈ ಊರಿಗೆ ಡಿಸೆಂಬರಿನ ಸಂಜೆ ನಿರ್ಮಲವಾದುದು. 14 ತಿರುವುಗಳ ಘಾಟಿಯ ಮೇಲ್ಭಾಗದಲ್ಲಿ ನಿಂತರೆ ಕೆಳಗೆ ಕಾಡು, ಆಚೆ ಕರಾವಳಿಯ ಬಯಲು, ಅದರಾಚೆ ಅರಬ್ಬೀ ಸಮುದ್ರಕ್ಕಿಳಿಯುವ ಕೆಂಪು ಬಿಂಬ. ನೆರೆದವರೆಲ್ಲ ಅತ್ತ ನೋಡುತ್ತಿದ್ದರು. ತಂದೆಯವರು ಮಾತ್ರ ತಾವು ಬಂದ ರಸ್ತೆಯನ್ನೇ ನೋಡುತ್ತಿದ್ದರು.

“ಈ ರಸ್ತೆ ನನಗೆ ಮರೆಯಬಾರದಾಗಿತ್ತು, ಮಗು.”

ಮಗನು ಉತ್ತರಿಸಲಿಲ್ಲ. ಹಿಂದಿನ ತಿಂಗಳು ಅವರು ತಮ್ಮ ಮನೆಯ ಬೀದಿಯನ್ನೇ ದಾಟಿ ಹೋಗಿದ್ದುದು ಅವನಿಗೆ ನೆನಪಾಯಿತು.

ಕತ್ತಲಾಗುವ ಮುನ್ನ ಹೊರಟರು. ಕವಲಿನಲ್ಲಿ ಫಲಕವಿತ್ತು. ಆದರೂ ಮಗನು ಕಾರು ನಿಲ್ಲಿಸಿ, “ಯಾವ ಕಡೆ, ಅಪ್ಪಾ?” ಎಂದನು. ಅವರು ಕನ್ನಡಕ ಏರಿಸಿ, ಫಲಕವನ್ನು ಒಂದೊಂದೇ ಅಕ್ಷರವಾಗಿ ಓದಿ, ಕೈ ತೋರಿದರು.