ಟಿಕೆಟಿನ ದರ ಮತ್ತು ದಾರಿಯ ದರ: ಕಲ್ಪೆಟ್ಟದಿಂದ ಲೆಸ್ಟರಿಗೆ

ವ್ಯಾಪಾರದ ಮನೆಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಒಂದು ಮೂಟೆ ಕಾಫಿ ಕೊಳ್ಳುವಾಗ ದರವೊಂದನ್ನೇ ನೋಡದೆ ತೇವ, ತೂಕ, ಕೂಲಿ, ಲಾರಿ ಬಾಡಿಗೆ ಎಲ್ಲವನ್ನೂ ಕೂಡಿಸಿ ನೋಡುವವರು ನಮ್ಮ ಹಿರಿಯರು. ಆದರೆ ಪರದೇಶಕ್ಕೆ ವಿಮಾನದ ಟಿಕೆಟು ತೆಗೆಸುವಾಗ ನಮ್ಮ ಬಾಂಧವರಲ್ಲಿ ಹಲವರು ಎಲ್ಲಕ್ಕಿಂತ ಕೆಳಗಿನ ಅಂಕಿಯ ಮೇಲೆ ಬೆರಳಿಡುತ್ತಾರೆ. ಮಕ್ಕಳು, ಅಕ್ಕತಂಗಿಯರು ಹೊರದೇಶಗಳಲ್ಲಿ ನೆಲೆಸಿ ತಂದೆತಾಯಿಯರನ್ನು ಕರೆಸಿಕೊಳ್ಳುವ ಕಾಲವಿದು. ಆದ್ದರಿಂದ 2024ರ ಮೇ ತಿಂಗಳಲ್ಲಿ ನಾವು ಲೆಸ್ಟರಿಗೆ ಹೋಗಿಬಂದಾಗ ಹಾಕಿದ ಲೆಕ್ಕವನ್ನು ಓದುಗರ ಮುಂದಿಡುತ್ತಿದ್ದೇವೆ.

ಹೊರಟವರು ನಾಲ್ವರು: 76 ವರ್ಷದ ತಾಯಿಯವರು, ನಾವು ದಂಪತಿಗಳು ಮತ್ತು ಕಾಲೇಜು ಓದುವ ಮಗ. ಹೋಗಬೇಕಾದದ್ದು ತಂಗಿಯ ಮನೆಗೆ. ತಾಯಿಯವರಿಗೆ ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗ ಎರಡೂ ಇವೆ. “ಮೊಮ್ಮಗಳನ್ನು ನೋಡಬೇಕು, ಆದರೆ ವ್ರತ ಬಿಟ್ಟು ನೋಡಲಾರೆ” ಎಂದು ಅವರು ಮೊದಲೇ ಹೇಳಿದ್ದರು.

ನಮ್ಮ ಮುಂದೆ ಮೂರು ದಾರಿಗಳಿದ್ದವು. ಮೊದಲನೆಯದು ಬೆಂಗಳೂರಿನಿಂದ ಲಂಡನ್ನಿಗೆ ನೇರ ವಿಮಾನ. ಎರಡನೆಯದು ಕರಿಪ್ಪೂರಿನಿಂದ, ಅಂದರೆ ಕೋಯಿಕ್ಕೋಡಿನ ನಿಲ್ದಾಣದಿಂದ, ಕೊಲ್ಲಿಯ ಒಂದು ಊರಿನಲ್ಲಿ ಇಳಿದು, ಅಲ್ಲಿಂದ ಇನ್ನೊಂದು ವಿಮಾನದಲ್ಲಿ ಬರ್ಮಿಂಗ್‌ಹ್ಯಾಮಿಗೆ. ಎರಡಕ್ಕೂ ಒಂದೇ ಟಿಕೆಟು. ಮೂರನೆಯದು ಎಲ್ಲಕ್ಕಿಂತ ಅಗ್ಗ: ಎರಡು ಕಂಪನಿಗಳ ಎರಡು ಬೇರೆ ಟಿಕೆಟು. ದುಬೈಯಲ್ಲಿ ಇಳಿಯುವುದು, ಮರುದಿನ ಶಾರ್ಜಾದಿಂದ ಹೊರಡುವುದು.

ನೇರ ವಿಮಾನವೇ ಬೇಗ ತಲುಪಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದು ನೇರವಾಗಿರುವುದು ವಿಮಾನ ನಿಲ್ದಾಣದಿಂದ, ನಮ್ಮ ಮನೆಯ ಬಾಗಿಲಿನಿಂದ ಅಲ್ಲ. ಕಲ್ಪೆಟ್ಟದಿಂದ ದೇವನಹಳ್ಳಿಯ ನಿಲ್ದಾಣ 300 ಕಿಲೋಮೀಟರಿಗೂ ಹೆಚ್ಚು. ಸುಲ್ತಾನ್ ಬತ್ತೇರಿ ದಾಟಿ ಬಂಡೀಪುರದ ಕಾಡಿನೊಳಗೆ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಆದ್ದರಿಂದ ವಿಮಾನ ಬೆಳಿಗ್ಗೆಯಾದರೂ ಹಿಂದಿನ ದಿನವೇ ಕಾಡು ದಾಟಬೇಕು. ಇಲ್ಲವಾದರೆ ಕುಟ್ಟ, ಗೋಣಿಕೊಪ್ಪದ ಕಡೆಯಿಂದ ಸುತ್ತಿ ಹೋಗಬೇಕು. ರಸ್ತೆಗೆ ಏಳೂವರೆ ಗಂಟೆ, ನಿಲ್ದಾಣದಲ್ಲಿ ಮೂರು, ವಿಮಾನದಲ್ಲಿ ಹತ್ತೂವರೆ. ಒಟ್ಟು 21 ಗಂಟೆ. ಲಂಡನ್ನಿನ ಹೀತ್ರೂದಿಂದ ಲೆಸ್ಟರಿಗೆ ಕಾರಿನಲ್ಲಿ ಮತ್ತೆ ಎರಡು ಗಂಟೆಗೂ ಮೇಲೆ.

ಕರಿಪ್ಪೂರಾದರೋ ಸುಮಾರು 100 ಕಿಲೋಮೀಟರು. ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳಲ್ಲಿ ಲಾರಿ ಕೆಟ್ಟು ನಿಂತರೆ ಗತಿಯೇನು ಎಂದು ಒಂದು ಗಂಟೆ ಹೆಚ್ಚಾಗಿ ಇಟ್ಟುಕೊಂಡರೂ ರಸ್ತೆಗೆ ಮೂರೂವರೆ ಗಂಟೆ ಸಾಕು. ನಿಲ್ದಾಣದಲ್ಲಿ ಮೂರು, ಕೊಲ್ಲಿಯವರೆಗೆ ನಾಲ್ಕೂವರೆ, ಅಲ್ಲಿ ಕಾಯುವುದು ಎರಡೂವರೆ, ಮುಂದೆ ಏಳೂವರೆ. ಇದೂ 21 ಗಂಟೆಯೇ! ಬರ್ಮಿಂಗ್‌ಹ್ಯಾಮಿನಿಂದ ಲೆಸ್ಟರ್ ಒಂದು ಗಂಟೆಯ ದಾರಿಯಷ್ಟೆ. ಗಡಿನಾಡಿನಲ್ಲಿರುವ ನಮ್ಮಂಥವರು ಮನೆಯಿಂದ ಮನೆಗೆ ಗಂಟೆ ಎಣಿಸಬೇಕೆಂಬುದು ಇದರಿಂದ ಸ್ಪಷ್ಟವಾಯಿತು. ಜತ್ತ, ಅಕ್ಕಲಕೋಟೆಯವರಾಗಲಿ, ಆದೋನಿಯವರಾಗಲಿ ತಮ್ಮ ತಮ್ಮ ಊರಿನಿಂದ ಹೀಗೆಯೇ ಎಣಿಸಿ ನೋಡಬಹುದು.

ಇನ್ನು ಮೂರನೆಯ ದಾರಿ. ಮಗನಿಗೆ ಅದರ ಮೇಲೆಯೇ ಕಣ್ಣು. “ಅಪ್ಪಾ, ತಲೆಗೆ 15,000 ರೂಪಾಯಿ ಉಳಿಯುತ್ತದೆ, ನಾಲ್ವರಿಗೆ 60,000” ಎಂದ. ಕಾಗದ ತೆಗೆದುಕೊಂಡು ಇಬ್ಬರೂ ಕುಳಿತು ಅಂದಾಜು ಹಾಕಿದೆವು. ಅಗ್ಗದ ಟಿಕೆಟಿನಲ್ಲಿ ಸಾಮಾನಿಗೆ ಬೇರೆ ಹಣ; ಎರಡು ವಿಮಾನಕ್ಕೂ ಸೇರಿ ತಲೆಗೆ 5,000. ದುಬೈಯಿಂದ ಶಾರ್ಜಾಕ್ಕೆ ಹೋಗಲು ನಿಲ್ದಾಣದ ಹೊರಗೆ ಕಾಲಿಡಬೇಕು, ಅದಕ್ಕೆ ಅಲ್ಲಿನ ವೀಸಾ ಬೇಕು. ಅದರ ಜೊತೆಗೆ ಒಂದು ರಾತ್ರಿಯ ಕೋಣೆ, ಟ್ಯಾಕ್ಸಿ, ಊಟ ಸೇರಿ ತಲೆಗೆ 6,000. ಉಳಿದದ್ದು 4,000. ಅದಕ್ಕಾಗಿ ದಾರಿಯಲ್ಲಿ ಕಳೆಯಬೇಕಾದದ್ದು 14 ಗಂಟೆ ಹೆಚ್ಚು. ಗಂಟೆಗೆ 300 ರೂಪಾಯಿಯೂ ಬೀಳಲಿಲ್ಲ. “ಈ ಕೂಲಿಗೆ ನೀನು ಒಬ್ಬನೇ ಹೋಗುವುದಾದರೆ ಹೋಗು, ಅಜ್ಜಿಯನ್ನು ಈ ಕೆಲಸಕ್ಕೆ ಹಚ್ಚುವುದು ಬೇಡ” ಎಂದೆವು. ಅವನೂ ನಕ್ಕು ಒಪ್ಪಿದ.

ಹಣಕ್ಕಿಂತ ದೊಡ್ಡದು ಹೊಣೆಯ ಮಾತು. ಒಂದೇ ಟಿಕೆಟಿನಲ್ಲಿ, ಅಂದರೆ ಒಂದೇ ಪಿ.ಎನ್.ಆರ್.ನಲ್ಲಿ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಕರ್ತವ್ಯ. ಸಾಮಾನು ಕೂಡ ಸಾಮಾನ್ಯವಾಗಿ ಕೊನೆಯ ಊರಿನವರೆಗೆ ತಾನೇ ಹೋಗುತ್ತದೆ. ಬೇರೆ ಬೇರೆ ಟಿಕೆಟಾದರೆ ಎರಡನೆಯ ಕಂಪನಿಯ ದೃಷ್ಟಿಯಲ್ಲಿ ನಾವು ಬಾರದೆ ಉಳಿದ ಪ್ರಯಾಣಿಕರು, ಅಷ್ಟೆ. 2025ರ ಜೂನ್ 23ರಂದು ಕತಾರ್ ತನ್ನ ವಾಯುಮಾರ್ಗವನ್ನು ಕೆಲವು ಗಂಟೆ ಮುಚ್ಚಿದಾಗ ಸಾವಿರಾರು ಜನ ದಾರಿಯಲ್ಲೇ ಸಿಕ್ಕಿಬಿದ್ದರು. ಅಂಥ ದಿನ ಮುದುಕರನ್ನು ಕರೆದುಕೊಂಡು ಹೊರಟವರಿಗೆ ಈ ವ್ಯತ್ಯಾಸ ತಿಳಿಯುತ್ತದೆ.

ತಾಯಿಯವರ ವ್ರತದ ದೃಷ್ಟಿಯಿಂದಲೂ ಎರಡನೆಯ ದಾರಿಯೇ ಹೊಂದಿತು. ಸಂಜೆ ಸೂರ್ಯಾಸ್ತಕ್ಕೆ ಮೊದಲು ಮನೆಯಲ್ಲೇ ಊಟ ಮುಗಿಸಿ, ರಾತ್ರಿ ಒಂಬತ್ತಕ್ಕೆ ಹೊರಟೆವು. ಬೆಳಗಿನ ಜಾವದ ವಿಮಾನ. ಕೊಲ್ಲಿಯಲ್ಲಿ ಇಳಿದಾಗ ಬೆಳಗಾಗಿತ್ತು. ಸೂರ್ಯೋದಯವಾಗಿ 48 ನಿಮಿಷ ಕಳೆಯುವುದನ್ನು ಕಾದು, ಕಟ್ಟಿಕೊಂಡು ಹೋಗಿದ್ದ ಚಪಾತಿ, ಬೆಳ್ಳುಳ್ಳಿಯಿಲ್ಲದ ಚಟ್ನಿಪುಡಿ ತಿಂದರು. ಮುಂದಿನ ವಿಮಾನ ಪಶ್ಚಿಮಕ್ಕೆ ಹೋಗುವುದರಿಂದ ಹಗಲು ನೀಳವಾಗುತ್ತ ಹೋಯಿತು. ಮಧ್ಯಾಹ್ನ ಬರ್ಮಿಂಗ್‌ಹ್ಯಾಮಿನಲ್ಲಿ ಇಳಿಯುವವರೆಗೂ ಬೆಳಕೇ. ಪೂರ್ವಕ್ಕೆ ಮರಳುವಾಗ ಇದಕ್ಕೆ ತದ್ವಿರುದ್ಧ: ಸಂಜೆ ಹೊರಟರೆ ಕತ್ತಲೆ ಬೇಗ ಎದುರಾಗುತ್ತದೆ, ಆದ್ದರಿಂದ ವಿಮಾನ ಹತ್ತುವ ಮೊದಲೇ ಊಟ ಮುಗಿಸಬೇಕು. ಚಳಿಗಾಲದಲ್ಲಿ ಲೆಸ್ಟರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುವ ದಿನಗಳಿವೆ. ವ್ರತಧಾರಿಗಳು ಮೇ, ಜೂನ್ ಆರಿಸಿಕೊಳ್ಳುವುದು ಲೇಸು.

ಕೆಲವು ಉಪಯುಕ್ತ ಮಾತುಗಳು: ಊಟ ಕೊಡುವ ಕಂಪನಿಗಳಲ್ಲಿ ಜೈನ ಊಟಕ್ಕೆ ವಿ.ಜೆ.ಎಂ.ಎಲ್. ಎಂಬ ಸಂಕೇತವಿದೆ, ಕಡಿಮೆಯೆಂದರೆ 24 ಗಂಟೆ ಮೊದಲು ಹೇಳಿಡಬೇಕು. ವಯಸ್ಸಾದವರಿಗೆ ಗಾಲಿಕುರ್ಚಿಯನ್ನು ಟಿಕೆಟು ತೆಗೆಸುವಾಗಲೇ ಕೇಳಿರಿ. ಉಪ್ಪಿನಕಾಯಿ, ಮೊಸರು ಕೈಚೀಲದಲ್ಲಿ ಬೇಡ. ಪೇಡೆಯಂಥ ಹಾಲಿನ ಸಿಹಿಗಳನ್ನು ನಮ್ಮ ದೇಶದಿಂದ ಬ್ರಿಟನ್ನಿಗೆ ಒಯ್ಯುವಂತಿಲ್ಲ.

ತಾಯಿಯವರು ದಣಿಯದೆ ತಲುಪಿದ್ದರಿಂದ ಮರುದಿನ ಬೆಳಿಗ್ಗೆಯೇ ಆಕ್ಸ್‌ಫರ್ಡ್ ಸ್ಟ್ರೀಟಿನ ಜೈನ ಮಂದಿರಕ್ಕೆ ಹೋದೆವು. ಹಿಂದೆ ಕ್ರೈಸ್ತರ ಪ್ರಾರ್ಥನಾಮಂದಿರವಾಗಿದ್ದ ಕಟ್ಟಡ. ಈಗ ಮುಂಭಾಗಕ್ಕೆ ಬಿಳಿ ಅಮೃತಶಿಲೆ, ಒಳಗೆ ಕೆತ್ತನೆಯ ಕಂಬಗಳು. 1988ರಲ್ಲಿ ಪ್ರತಿಷ್ಠೆಯಾಯಿತು. ಶ್ವೇತಾಂಬರ, ದಿಗಂಬರ ಎರಡೂ ಪರಂಪರೆಗಳಿಗೆ ಒಂದೇ ಸೂರಿನಡಿ ಸ್ಥಳವಿದೆ. ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿ ಬಸದಿಯಲ್ಲಿ ದಿನವೂ ಕೈಮುಗಿಯುವ ತಾಯಿಯವರು ಅಲ್ಲಿ ಬಹಳ ಹೊತ್ತು ಕುಳಿತಿದ್ದರು. ಮೊಮ್ಮಗಳು ಅವರ ಪಕ್ಕದಲ್ಲಿ ಕುಳಿತು ಣಮೋಕಾರ ಮಂತ್ರ ಹೇಳಿದಳು.

ಅಗ್ಗದ ಟಿಕೆಟು ಕೆಟ್ಟದ್ದೆಂದು ನಮ್ಮ ಮಾತಲ್ಲ. ಬೆನ್ನಿಗೊಂದು ಚೀಲ ಹಾಕಿ ಹೊರಡುವ ವಿದ್ಯಾರ್ಥಿಗೆ 4,000 ರೂಪಾಯಿ ದೊಡ್ಡ ಮೊತ್ತ, ಸಮಯವೂ ಅವನಲ್ಲಿದೆ. ಕಾಫಿ, ಮೆಣಸಿನ ಕೊಯ್ಲಿನಲ್ಲಿ ಅಂಗಡಿ ಮುಚ್ಚಿ ಹೋಗುವವರಿಗೆ ಒಂದು ದಿನದ ಬೆಲೆ ಬೇರೆ. ವ್ರತವಿರುವ ಹಿರಿಯರಿಗೆ ಅದು ಇನ್ನೂ ಬೇರೆ. ಆದ್ದರಿಂದ ಟಿಕೆಟಿಗೆ ಹಣ ಕಟ್ಟುವ ಮೊದಲು ಮನೆಯವರೆಲ್ಲ ಕುಳಿತು, ಹಿರಿಯರನ್ನು ಕೇಳಿ, ರೂಪಾಯಿಯ ಪಕ್ಕದಲ್ಲಿ ಗಂಟೆಯನ್ನೂ ಬರೆದು ನೋಡಿರೆಂದು ಬಾಂಧವರಲ್ಲಿ ನಮ್ಮ ವಿನಂತಿ.