ಬಾಳೆಲೆಯ ಬಳುಕು ದಾರಿಗಳಲ್ಲಿ

ಬೆಳಗಿನ ಏಳು ಗಂಟೆ. ಬಾಳೆಲೆಯ ಗದ್ದೆಬಯಲಿನ ಮೇಲಿನ ಮಂಜು ಇನ್ನೂ ಕರಗಿಲ್ಲ. ಕಾಫಿ ತೋಟದ ಅಂಚಿನ ರಸ್ತೆಯಲ್ಲಿ ಕೆಲಸದವರನ್ನು ತುಂಬಿಕೊಂಡ ಜೀಪೊಂದು ಮೆಲ್ಲಗೆ ಏರು ಹತ್ತುತ್ತಿದೆ. ಅದರ ಹಿಂದೆ ನೆಲಕ್ಕೆ ಅಂಟಿಕೊಂಡಂತಿರುವ ಎರಡು ಸೀಟಿನ ಕೆಂಪು ಕಾರು. ಬೆಂಗಳೂರಿನ ನೋಂದಣಿ. ಜೀಪನ್ನು ಹಿಂದೆ ಹಾಕುವುದು ಆ ಕಾರಿನ ಎಂಜಿನ್ನಿಗೆ ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೆ ಮುಂದೆ ತಿರುವಿದೆ. ತಿರುವಿನಾಚೆ ಏನಿದೆ ಎಂಬುದು ಜೀಪಿನವನಿಗೂ ಕಾಣದು, ಕಾರಿನವನಿಗೂ ಕಾಣದು.

ಇಂಥ ದೃಶ್ಯ ದಕ್ಷಿಣ ಕೊಡಗಿನಲ್ಲಿ ಈಗ ಅಪರೂಪವಲ್ಲ. ವಾರದ ರಜೆ ಬಂತೆಂದರೆ ನಗರದ ಯುವಕರು ಬಳುಕುವ ಬೆಟ್ಟದ ದಾರಿಗಳನ್ನು ಹುಡುಕಿಕೊಂಡು ಹೊರಡುತ್ತಾರೆ. ಕೆಲವರದು ಸ್ವಂತ ದುಡಿಮೆಯ ಕಾರು, ಕೆಲವರದು ಅಪ್ಪನ ಕಾರು, ಇನ್ನು ಕೆಲವರದು ಬಾಡಿಗೆ ಕಾರು. ಆಸೆ ಮಾತ್ರ ಒಂದೇ. ಸ್ಟಿಯರಿಂಗ್ ಹಿಡಿದ ಕೈಗೆ ರಸ್ತೆಯ ತಿರುವು ತಿಳಿಯಬೇಕು. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಸುಖ ಸಿಗುವುದು ಎಷ್ಟು ವೇಗದಲ್ಲಿ? ಈ ಪ್ರಶ್ನೆಗೆ ಉತ್ತರ ಹೇಳಲು ಬಾಳೆಲೆಯ ದಾರಿಗಿಂತ ಒಳ್ಳೆಯ ಮೇಷ್ಟ್ರು ಬೇಕಿಲ್ಲ.

ಹುಣಸೂರಿನಿಂದ ಬಾಳೆಲೆಗೆ

ಮೈಸೂರಿನಿಂದ ಹುಣಸೂರು ದಾಟಿ ಗೋಣಿಕೊಪ್ಪದ ಕಡೆ ಹೊರಳಿದರೆ ಸ್ವಲ್ಪ ಹೊತ್ತಿನಲ್ಲೇ ಬಯಲು ಮುಗಿದು ಕಾಡು ಶುರುವಾಗುತ್ತದೆ. ಆನೆಚೌಕೂರಿನಿಂದ ತಿತಿಮತಿಯವರೆಗಿನ ದಾರಿ ನಾಗರಹೊಳೆ ಅರಣ್ಯದ್ದು. ಮತ್ತಿಗೋಡು ಆನೆ ಶಿಬಿರ ಇರುವುದು ಇದೇ ದಾರಿಯಲ್ಲಿ. 2020ರಿಂದ ಮೈಸೂರು ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತ ಅಭಿಮನ್ಯು ಈ ಶಿಬಿರದ ಆನೆ. ಇಲ್ಲಿನ ರಸ್ತೆ ಉಬ್ಬುಗಳು ತಗ್ಗು ಕಾರಿನವನಿಗೆ ಮೊದಲ ಪಾಠ ಹೇಳುತ್ತವೆ. ನೆಲದಿಂದ ಗೇಣಿಗಿಂತ ಕಡಿಮೆ ಎತ್ತರದಲ್ಲಿರುವ ಕಾರಿನ ಹೊಟ್ಟೆ ಉಬ್ಬಿಗೆ ಉಜ್ಜಿದರೆ, ಲಕ್ಷಗಟ್ಟಲೆ ಬೆಲೆಯ ಗತ್ತೆಲ್ಲ ಒಂದೇ ಸದ್ದಿನಲ್ಲಿ ಇಳಿದುಹೋಗುತ್ತದೆ.

ಗೋಣಿಕೊಪ್ಪದಿಂದ ಪೊನ್ನಂಪೇಟೆ, ಅಲ್ಲಿಂದ ಪೂರ್ವಕ್ಕೆ ಬಾಳೆಲೆ. ಇದು ಘಾಟಿ ರಸ್ತೆಯಲ್ಲ. ಪ್ರಪಾತವಿಲ್ಲ, ಎಣಿಸಿ ಹೇಳುವಂಥ ಹೇರ್‌ಪಿನ್ ತಿರುವುಗಳೂ ಇಲ್ಲ. ಒಂದು ಪಕ್ಕ ಭತ್ತದ ಗದ್ದೆ, ಇನ್ನೊಂದು ಪಕ್ಕ ಏರಿಹೋದ ಕಾಫಿ ತೋಟ. ತೋಟದಲ್ಲಿ ನೆರಳಿನ ಮರಗಳು, ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ. ಬ್ರಹ್ಮಗಿರಿಯಲ್ಲಿ ಹುಟ್ಟಿ, ಇರ್ಪುವಿನಲ್ಲಿ ಜಲಪಾತವಾಗಿ ಧುಮುಕಿದ ಲಕ್ಷ್ಮಣತೀರ್ಥ ಹೊಳೆ ಈ ಬಯಲಲ್ಲಿ ಹರಿದು ಹುಣಸೂರಿನತ್ತ ಸಾಗುತ್ತದೆ. ಕೊನೆಗೆ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಆಷಾಢದ ಮಳೆಗೆ ಹೊಳೆ ಉಕ್ಕಿ ಬಾಳೆಲೆ ಸುತ್ತಿನ ರಸ್ತೆಗಳ ಮೇಲೆ ನೀರು ನಿಂತ ವರ್ಷಗಳೂ ಉಂಟು.

ದಾರಿ ಬಳುಕುವುದೇಕೆ?

ಬಯಲುಸೀಮೆಯ ರಸ್ತೆಯನ್ನು ಮನುಷ್ಯ ಹಗ್ಗ ಹಿಡಿದು ಎಳೆಯಬಲ್ಲ. ಬೆಟ್ಟದ ರಸ್ತೆಯನ್ನು ಎಳೆಯುವುದು ಬೆಟ್ಟವೇ. ಬಾಳೆಲೆಯ ಕಡೆ ತಗ್ಗಿನಲ್ಲಿ ಗದ್ದೆ, ದಿಬ್ಬದ ಮೇಲೆ ತೋಟ. ಕೆಸರುಗದ್ದೆಯ ನಡುವೆ ರಸ್ತೆ ನಿಲ್ಲುವುದು ಕಷ್ಟ. ಅನ್ನ ಬೆಳೆಯುವ ನೆಲವನ್ನು ಬಿಟ್ಟುಕೊಡಲು ರೈತನಿಗೂ ಮನಸ್ಸಿಲ್ಲ. ಹೀಗಾಗಿ ದಾರಿ ಗದ್ದೆಯ ಅಂಚು ಹಿಡಿದು, ದಿಬ್ಬದ ಬುಡ ಸುತ್ತಿ, ಸಿಕ್ಕಲ್ಲಿ ತೋಡು ದಾಟಿ ಮುಂದೆ ಹೋಗುತ್ತದೆ.

ಘಾಟಿಯ ಲೆಕ್ಕ ಬೇರೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ಬೆಟ್ಟದ ರಸ್ತೆಯ ಸಾಮಾನ್ಯ ಏರು ಇಪ್ಪತ್ತಕ್ಕೆ ಒಂದು, ಅಂದರೆ 20 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲಕ್ಕೆ. ಸಾವಿರ ಮೀಟರ್ ಎತ್ತರ ಏರಬೇಕಾದರೆ 20 ಕಿ.ಮೀ. ರಸ್ತೆ ಬೇಕಾಯಿತು. ಬೆಟ್ಟದ ಮೈ ಮಾತ್ರ ಐದಾರು ಕಿ.ಮೀ.ಯಷ್ಟೇ ಅಗಲವಿದ್ದರೆ? ಉಳಿದ ಉದ್ದವನ್ನು ಮಡಚಿ ಮಡಚಿ ಇಡಬೇಕು. ಆ ಮಡಿಕೆಗಳೇ ಹೇರ್‌ಪಿನ್ ತಿರುವುಗಳು. ಆಗುಂಬೆಯಲ್ಲಿ ಇಂಥವು 14. ಇಟಲಿಯ ಸ್ಟೆಲ್ವಿಯೊ ಕಣಿವೆಮಾರ್ಗದ ಒಂದೇ ಮಗ್ಗುಲಿನಲ್ಲಿ 48. 1820ರಿಂದ 1825ರವರೆಗೆ ಎಂಜಿನಿಯರ್ ಕಾರ್ಲೊ ಡೊನೆಗಾನಿ ಕಟ್ಟಿಸಿದ ಆ ರಸ್ತೆ ಸಮುದ್ರಮಟ್ಟದಿಂದ 2,757 ಮೀ. ಎತ್ತರಕ್ಕೆ ಏರುತ್ತದೆ. ಇಂದು ಸ್ಪೋರ್ಟ್ಸ್ ಕಾರಿನವರು ಮುಗಿಬೀಳುವ ಈ ದಾರಿ ಹುಟ್ಟಿದಾಗ ಜಗತ್ತಿನಲ್ಲಿ ಮೋಟಾರು ಕಾರೇ ಇರಲಿಲ್ಲ. ಕುದುರೆಗಾಡಿ ಉಸಿರು ಕಟ್ಟದೆ ಹತ್ತಲಿ ಎಂದು ಹಾಕಿದ ತಿರುವುಗಳವು.

ಕುದುರೆ ಮತ್ತು ಸವಾರ

ಸ್ಪೋರ್ಟ್ಸ್ ಕಾರೆಂದರೆ ಗಂಟೆಗೆ ಇನ್ನೂರೈವತ್ತು ಕಿ.ಮೀ. ಓಡುವ ಯಂತ್ರ ಎಂದೇ ಹಲವರ ನಂಬಿಕೆ. ಆದರೆ ಜಪಾನಿನ ಮಾಜ್ದಾ ಕಂಪೆನಿ 1989ರಲ್ಲಿ ಹೊರತಂದ ಎಂಎಕ್ಸ್-5 ಎಂಬ ಎರಡು ಸೀಟಿನ ತೆರೆದ ಕಾರಿನ ಎಂಜಿನ್ ಅಂಥ ದೈತ್ಯವೇನೂ ಆಗಿರಲಿಲ್ಲ. ಅದರ ಗುಟ್ಟೆಲ್ಲ ಹಗುರ ಮೈಯಲ್ಲಿತ್ತು. ಕುದುರೆ ಮತ್ತು ಸವಾರ ಒಂದೇ ಜೀವದಂತಿರಬೇಕು ಎಂಬರ್ಥದ 'ಜಿಂಬಾ ಇತ್ತಾಯ್' ಎಂಬ ಜಪಾನಿ ಮಾತೇ ಅದನ್ನು ರೂಪಿಸಿದವರ ಮಂತ್ರವಾಗಿತ್ತು. ಚಕ್ರ ಎಷ್ಟು ಹೊರಳಿತು, ಭಾರ ಯಾವ ಪಕ್ಕಕ್ಕೆ ವಾಲಿತು, ಟೈರು ಎಲ್ಲಿ ಹಿಡಿತ ಬಿಡುತ್ತಿದೆ ಎಂಬುದನ್ನೆಲ್ಲ ಕೈಗೂ ಬೆನ್ನಿಗೂ ಹೇಳುವ ಕಾರೇ ನಿಜವಾದ ಸ್ಪೋರ್ಟ್ಸ್ ಕಾರು. ಅದನ್ನು ಕೇಳಿಸಿಕೊಳ್ಳಲು ಬಾಳೆಲೆಯಂಥ ದಾರಿಯಲ್ಲಿ ಗಂಟೆಗೆ 40 ಕಿ.ಮೀ. ವೇಗ ಧಾರಾಳ.

ಅದಕ್ಕಿಂತ ಹೆಚ್ಚು ಏಕೆ ಬೇಡ ಎಂಬುದಕ್ಕೆ ಹೈಸ್ಕೂಲಿನ ಭೌತಶಾಸ್ತ್ರ ಸಾಕು. ತಿರುವಿನಲ್ಲಿ ಕಾರನ್ನು ದಾರಿಯ ಮೇಲೆ ಹಿಡಿದಿಡಲು ಬೇಕಾದ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು ಬೇಕು. ಆ ಬಲವನ್ನು ಕೊಡಬೇಕಾದದ್ದು ರಸ್ತೆಯನ್ನು ಮುಟ್ಟಿರುವ ನಾಲ್ಕು ಅಂಗೈಯಗಲದ ರಬ್ಬರು. ಅದರಡಿ ತೊಯ್ದ ಎಲೆಯೋ, ಜೀಪಿನ ಚಕ್ರದಿಂದ ಉದುರಿದ ಕೆಸರೋ ಇದ್ದರೆ ಎಂಥ ಬೆಲೆಬಾಳುವ ಕಾರೂ ಜಾರುತ್ತದೆ.

ನಿಲ್ಲಿಸುವ ಲೆಕ್ಕವೂ ಹಾಗೆಯೇ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಕಾರು 11 ಮೀಟರ್ ಮುಂದೆ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕಿನಿಂದ ನಿಲ್ಲಲು ಇನ್ನೊಂದು ಒಂಬತ್ತು ಹತ್ತು ಮೀಟರ್. ಒಟ್ಟು 20 ಮೀಟರ್ ಎನ್ನಿ. 80 ಕಿ.ಮೀ. ವೇಗದಲ್ಲಿ ಇದೇ ಲೆಕ್ಕ 60 ಮೀಟರಿನ ಹತ್ತಿರ ಬರುತ್ತದೆ. ಒದ್ದೆ ರಸ್ತೆಯಲ್ಲಿ ಇನ್ನೂ ಹೆಚ್ಚು. ಕಾಫಿ ಗಿಡಗಳ ಮರೆಯ ತಿರುವಿನಲ್ಲಿ ಕಣ್ಣಿಗೆ ಕಾಣುವುದೇ ಎಷ್ಟೋ ಕಡೆ 40 ಮೀಟರ್. ಒಂದೇ ಗಾಡಿ ಅಗಲದ ದಾರಿಯಲ್ಲಿ ಎದುರಿನವನಿಗೂ ಅಷ್ಟೇ ಜಾಗ ಬೇಕಲ್ಲವೇ? ಆದ್ದರಿಂದ ಇಂಥ ದಾರಿಯ ಸೂತ್ರ ಸರಳ: ಕಾಣುವ ದೂರದ ಅರ್ಧದೊಳಗೆ ನಿಲ್ಲಿಸಬಲ್ಲಷ್ಟೇ ವೇಗ. ಇಲ್ಲಿ ವೇಗದ ಮಿತಿಯನ್ನು ಬರೆಯುವುದು ಎಂಜಿನ್ನಲ್ಲ, ಕಣ್ಣು.

ಈ ದಾರಿ ಯಾರದು?

ಪ್ರವಾಸಿಗೆ ಇದು ರಜೆಯ ದಾರಿ. ಬಾಳೆಲೆಯವರಿಗೆ ದಿನದ ದಾರಿ. ಬೆಳಿಗ್ಗೆ ಶಾಲೆಗೆ ನಡೆದುಹೋಗುವ ಮಕ್ಕಳು, ಸೊಸೈಟಿಗೆ ಹೊರಟ ಅಜ್ಜಿ, ಲೈನ್ ಮನೆಯಿಂದ ತೋಟಕ್ಕೆ ನಡೆಯುವ ಹೆಂಗಸರು, ಮೇವಿಗೆ ಹೊರಟ ದನ, ಎಲ್ಲರೂ ಈ ರಸ್ತೆಯ ಮೇಲೆಯೇ. ಬಹಳ ಕಡೆ ಕಾಲುದಾರಿಗೆ ಬೇರೆ ಜಾಗವೇ ಇಲ್ಲ. ಜನವರಿ ಫೆಬ್ರುವರಿಯಲ್ಲಿ ರೋಬಸ್ಟಾ ಕಾಫಿಯ ಕೊಯ್ಲು ಬಂದರೆ ಚೀಲ ತುಂಬಿದ ಟ್ರ್ಯಾಕ್ಟರುಗಳೂ ಸೇರಿಕೊಳ್ಳುತ್ತವೆ.

ಮನುಷ್ಯರು ಮಾತ್ರವಲ್ಲ. ಬಾಳೆಲೆಯ ಮಗ್ಗುಲಲ್ಲೇ ನಾಗರಹೊಳೆ. 1955ರಲ್ಲಿ ವನ್ಯಧಾಮವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1999ರಲ್ಲಿ ಹುಲಿ ರಕ್ಷಿತ ಪ್ರದೇಶವಾಗಿ ಬೆಳೆದ ಕಾಡು ಅದು. ಆನೆಗಳಿಗೆ ತೋಟದ ಬೇಲಿ ಗೊತ್ತಿಲ್ಲ. ಹಗಲು ಕಾಫಿ ಗಿಡಗಳ ನೆರಳಲ್ಲಿ ನಿಂತು, ಸಂಜೆ ರಸ್ತೆ ದಾಟಿ ಗದ್ದೆಗೆ ಇಳಿಯುವ ಹಿಂಡುಗಳಿವೆ. 2021ರ ಮೊದಲ ತಿಂಗಳುಗಳಲ್ಲಿ ದಕ್ಷಿಣ ಕೊಡಗಿನಲ್ಲಿ ಹುಲಿ ದಾಳಿಗೆ ಜನ ಬಲಿಯಾಗಿ, ಕೂಲಿ ಮಾಡುವವರು ತೋಟಕ್ಕೆ ಹೋಗಲು ಹೆದರುವ ಸ್ಥಿತಿ ಬಂದಿತ್ತು. ಇಂಥ ಭಯದಲ್ಲಿ ಬದುಕುವ ಜನರಿಗೆ ರಸ್ತೆಯ ಮೇಲೂ ಇನ್ನೊಂದು ಭಯ ತಂದುಕೊಡುವುದು ಅತಿಥಿಯ ಲಕ್ಷಣವಲ್ಲ. ಸೈಲೆನ್ಸರ್ ತೆಗೆಸಿದ ಕಾರಿನ ಅಬ್ಬರಕ್ಕೆ ಬೆಚ್ಚಿ ಹಾದಿ ತಪ್ಪಿದ ಆನೆ, ಕಾರು ಊರು ಬಿಟ್ಟ ಮೇಲೂ ಅಲ್ಲಿಯೇ ಇರುತ್ತದೆ. ಅದನ್ನು ಎದುರಿಸಬೇಕಾದವರು ನಡೆದು ಮನೆಗೆ ಹೋಗುವವರು.

ಯಾವ ದಾರಿ, ಯಾವ ಕಾಲ?

ಬಾಳೆಲೆಯನ್ನು ನಡುವೆ ಇಟ್ಟುಕೊಂಡರೆ ಸುತ್ತಲೂ ಒಂದಕ್ಕಿಂತ ಒಂದು ಚೆಂದದ ದಾರಿಗಳು. ದಕ್ಷಿಣಕ್ಕೆ ಕಾನೂರು, ಕುಟ್ಟ. ಕುಟ್ಟದಿಂದ ತೋಲ್ಪೆಟ್ಟಿ ಮೂಲಕ ವಯನಾಡು. ಹುದಿಕೇರಿ, ಶ್ರೀಮಂಗಲದ ದಾರಿಯಲ್ಲಿ ಹೋದರೆ ಬ್ರಹ್ಮಗಿರಿ ಬೆಟ್ಟ ಕಣ್ಣೆದುರೇ ನಿಲ್ಲುತ್ತದೆ. ಇರ್ಪು ಜಲಪಾತವೂ ಆ ಕಡೆಯೇ. ಕುಟ್ಟದಿಂದ ನಾಗರಹೊಳೆಯ ಒಳಗೆ ಹಾದುಹೋಗುವ ದಾರಿ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ.

ನಿಜವಾದ ಘಾಟಿ ಬೇಕೆನ್ನುವವರಿಗೆ ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ದಾಟಿ ಕೇರಳದ ಕೂಟುಪುಳಕ್ಕೆ ಇಳಿಯುವ ದಾರಿಯಿದೆ. ಬಿಸಿಲು ನೆಲ ಮುಟ್ಟದ ದಟ್ಟ ಕಾಡಿನ ನಡುವೆ ತಿರುವಿನ ಮೇಲೆ ತಿರುವು. ಉತ್ತರದಲ್ಲಿ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಮಂಗಳೂರು ರಸ್ತೆ. ಪಶ್ಚಿಮದಲ್ಲಿ ಭಾಗಮಂಡಲದಿಂದ ತಲಕಾವೇರಿಗೆ ಏರುವ ಎಂಟು ಕಿ.ಮೀ. ದಾರಿ.

ಮಳೆಗಾಲದಲ್ಲಿ ಇವು ಯಾವುವೂ ಆಟದ ದಾರಿಗಳಲ್ಲ. 2018ರ ಜೂನ್‌ನಲ್ಲಿ ಮಾಕುಟ್ಟದ ದಾರಿ ಕುಸಿದು ಸಂಚಾರ ನಿಂತಿತು. ಅದೇ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಯೇ ಜೋಡುಪಾಲದ ಸುತ್ತ ಕೊಚ್ಚಿಹೋಯಿತು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬಳಿ ಬೆಟ್ಟವೇ ಜಾರಿ ಅರ್ಚಕರ ಕುಟುಂಬ ಮಣ್ಣಾಯಿತು. ನವೆಂಬರಿನಿಂದ ಮಾರ್ಚಿಯವರೆಗಿನ ಕಾಲ ಒಳ್ಳೆಯದು. ಹೂಮಳೆ ಬಿದ್ದ ಕೆಲವು ದಿನಗಳಿಗೆ ತೋಟವೆಲ್ಲ ಬೆಳ್ಳಗೆ ಅರಳಿದಾಗ ಬಂದವರು ಪುಣ್ಯವಂತರು. ಆ ಪರಿಮಳ ಗಾಜು ಏರಿಸಿ ಓಡುವ ಕಾರಿಗೆ ದಕ್ಕುವುದಿಲ್ಲ.

ಘಾಟಿಯಲ್ಲಿ ಇಳಿಯುವಾಗ ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳೆಯ ಲಾರಿ ಚಾಲಕರ ಮಾತು. ಇಳಿಜಾರಿನುದ್ದಕ್ಕೂ ಬ್ರೇಕು ತುಳಿದೇ ಇದ್ದರೆ ಅದು ಕಾದು, ಬೇಕಾದಾಗಲೇ ಕೈಕೊಡುತ್ತದೆ. ಎದುರುಬದುರಾದರೆ ಏರುವ ವಾಹನಕ್ಕೆ ಇಳಿಯುವವನು ದಾರಿ ಬಿಡಬೇಕು. ಇದು ಸೌಜನ್ಯವಷ್ಟೇ ಅಲ್ಲ, ಚಾಲನಾ ನಿಯಮವೂ ಹೌದು.

ಓಟದ ಹಂಬಲವಿದ್ದರೆ

ಇಷ್ಟಕ್ಕೆ ತೃಪ್ತಿಯಾಗದ ಹುಡುಗರಿರುತ್ತಾರೆ. ಅವರನ್ನು ಗದರಿ ಸುಮ್ಮನಾಗಿಸುವುದಕ್ಕಿಂತ ಸರಿಯಾದ ಜಾಗ ತೋರಿಸುವುದು ಮೇಲು. ಜರ್ಮನಿಯ ಐಫೆಲ್ ಬೆಟ್ಟಸೀಮೆಯಲ್ಲಿ ಹಿಂದೆ ಊರ ರಸ್ತೆಗಳ ಮೇಲೆಯೇ ಪಂದ್ಯ ನಡೆಯುತ್ತಿತ್ತು. ಅದನ್ನು ತಪ್ಪಿಸಲೆಂದೇ ಕಟ್ಟಿದ ನ್ಯೂರ್‌ಬರ್ಗ್‌ರಿಂಗ್ ಓಟದ ಪಥ 1927ರಲ್ಲಿ ತೆರೆಯಿತು.

ನಮ್ಮಲ್ಲಿ ಆ ಕೆಲಸವನ್ನು ಕಾಫಿ ತೋಟಗಳು ಮಾಡಿವೆ. ಚಿಕ್ಕಮಗಳೂರಿನ ಎಸ್ಟೇಟು ದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತುಗಳು ನಡೆದವು. 2013, 2016, 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದ ಗೌರವ್ ಗಿಲ್, 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೊದಲ ಮೋಟಾರು ಕ್ರೀಡಾಪಟುವಾದರು. ದಕ್ಷಿಣ ಕೊಡಗಿನಲ್ಲೂ ಕೊಯ್ಲಾದ ಗದ್ದೆಗಳಲ್ಲಿ ಆಟೋಕ್ರಾಸ್ ಸ್ಪರ್ಧೆಗಳು ನಡೆದದ್ದುಂಟು. ಅಲ್ಲಿ ದಾರಿ ಮುಚ್ಚಿರುತ್ತದೆ, ತಲೆಗೆ ಹೆಲ್ಮೆಟ್ಟಿರುತ್ತದೆ, ಆಂಬುಲೆನ್ಸು ಕಾದು ನಿಂತಿರುತ್ತದೆ. ರ‍್ಯಾಲಿಯಲ್ಲಂತೂ ಚಾಲಕ ಮೊದಲೇ ದಾರಿ ನೋಡಿ ಒಂದೊಂದು ತಿರುವನ್ನೂ ಬರೆಸಿಕೊಂಡಿರುತ್ತಾನೆ. ಪಕ್ಕದಲ್ಲಿ ಕುಳಿತ ಸಹಚಾಲಕ ಮುಂದಿನ ತಿರುವನ್ನು ಓದಿ ಹೇಳುತ್ತಲೇ ಇರುತ್ತಾನೆ. ಅಂದರೆ ಜಗತ್ತಿನ ಅತಿ ವೇಗದ ಚಾಲಕರೂ ಕಾಣದ ತಿರುವಿಗೆ ಕಣ್ಣುಮುಚ್ಚಿ ನುಗ್ಗುವುದಿಲ್ಲ.

ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ಪಂದ್ಯ ಕಟ್ಟುವುದು ಮೋಟಾರು ವಾಹನ ಕಾಯ್ದೆಯಡಿ ಅಪರಾಧ. ಕೀಲಿಕೈ ಕೊಡುವ ತಂದೆತಾಯಿ ನೆನಪಿಡಬೇಕಾದ ಇನ್ನೊಂದು ಮಾತಿದೆ. 2019ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ಆ ಹುಡುಗ ಅಥವಾ ಹುಡುಗಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು. ಕಾನೂನಿಗೆ ಹೆದರಿ ಅಲ್ಲದಿದ್ದರೂ, ಮೊದಲ ಬಾರಿ ಬೆಟ್ಟದ ದಾರಿಗೆ ಹೊರಟ ಮಗನ ಅಥವಾ ಮಗಳ ಪಕ್ಕದ ಸೀಟಿನಲ್ಲಿ ಅಪ್ಪನೋ ಅಮ್ಮನೋ ಕುಳಿತಿದ್ದರೆ ಅದಕ್ಕಿಂತ ಒಳ್ಳೆಯ ಸಹಚಾಲಕರು ಯಾರಿದ್ದಾರೆ?

ಬಾಳೆಲೆಯ ಆ ಕೆಂಪು ಕಾರು ಜೀಪಿನ ಹಿಂದೆಯೇ ನಿಧಾನವಾಗಿ ಏರು ಮುಗಿಸಿತೆನ್ನಿ. ತಿರುವಿನಾಚೆ ರಸ್ತೆಯಂಚಿನಲ್ಲಿ ಚೀಲ ಬೆನ್ನಿಗೇರಿಸಿದ ನಾಲ್ಕು ಮಕ್ಕಳು ಸಾಲಾಗಿ ಶಾಲೆಗೆ ಹೊರಟಿರುತ್ತಾರೆ. ಇಂಥ ಕಾರನ್ನು ಕಂಡರೆ ಅವರಿಗೂ ಬೆರಗು. ನಿಂತು ಕೈ ಬೀಸುತ್ತಾರೆ. ನಿಧಾನವಾಗಿ ಬಂದವನಿಗೆ ಮಾತ್ರ ಮರಳಿ ಕೈ ಬೀಸಲು ಬಿಡುವಿರುತ್ತದೆ.