ಗುರುವಾರದ ರೇಸು ಮತ್ತು ಅಜ್ಜನ ಬೆರಳು

ಗುರುವಾರ ಸಂಜೆ ಏಳರ ಮೇಲೆ ನಾನು ಫೋನ್ ಎತ್ತುವುದಿಲ್ಲ ಅನ್ನುವುದು ನಮ್ಮ ಟೀಮಿನವರಿಗೆಲ್ಲ ಗೊತ್ತು. ಜಿಮ್ಮಿಗೆ ಹೋಗ್ತಾನೆ ಅಂದುಕೊಂಡವರೇ ಹೆಚ್ಚು. ನಾನು ಹೋಗುವುದು ಆಟಿಕೆ ಕಾರಿನ ರೇಸಿಗೆ! ನಗುವುದಿದ್ದರೆ ನೀವೂ ಈಗಲೇ ನಕ್ಕುಬಿಡಿ, ಆಮೇಲೆ ಮುಂದಕ್ಕೆ ಹೋಗೋಣ :)

ಕೊವೆಂಟ್ರಿಗೆ ಬಂದು ಎರಡು ವರ್ಷವಾಯಿತು. ಇಲ್ಲಿ ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲು. ರೂಮಿನಲ್ಲಿ ಒಬ್ಬನೇ ಕೂತು ಲ್ಯಾಪ್‌ಟಾಪ್ ನೋಡಿ ನೋಡಿ ಬೇಸತ್ತಾಗ ಕೊಲೀಗ್ ಒಬ್ಬ ಚರ್ಚ್ ಹಾಲೊಂದಕ್ಕೆ ಕರೆದುಕೊಂಡು ಹೋದ. ಹಾಲಿನ ತುಂಬ ಹಾವಿನಂತೆ ಸುತ್ತಿಕೊಂಡ ಮರದ ಟ್ರ್ಯಾಕ್, ಅದರ ಸುತ್ತ ನಿಂತ ಹನ್ನೆರಡು ಜನ. ಅರ್ಧಕ್ಕರ್ಧ ಜನ ಅರವತ್ತು ದಾಟಿದವರು. ಯಾರೂ ಮಾತಾಡುತ್ತಿಲ್ಲ. ಮೋಟಾರುಗಳ ಗುಂಯ್ ಸದ್ದು ಮಾತ್ರ.

ಸ್ಲಾಟ್ ಕಾರ್ ನೋಡದವರಿಗೆ ಸ್ವಲ್ಪ ವಿವರ. ಟ್ರ್ಯಾಕಿನಲ್ಲಿ ಉದ್ದಕ್ಕೂ ಸಣ್ಣ ಸೀಳು, ಅದರ ಎರಡೂ ಬದಿಗೆ ತಾಮ್ರದ ಪಟ್ಟಿ, ಪಟ್ಟಿಯಲ್ಲಿ ಹನ್ನೆರಡು ವೋಲ್ಟ್. ಕಾರಿನ ಮೂತಿಯ ಕೆಳಗಿನ ಒಂದು ನಾಲಿಗೆ ಆ ಸೀಳಿನೊಳಗೆ ಇಳಿದಿರುತ್ತದೆ. ಸ್ಟೇರಿಂಗ್ ಇಲ್ಲ. ನಿಮ್ಮ ಕೈಯಲ್ಲಿರುವುದು ಪಿಸ್ತೂಲಿನಂಥ ಕಂಟ್ರೋಲರ್, ಅದರ ಟ್ರಿಗರ್ ಮೇಲೆ ಒಂದು ಬೆರಳು. ಒತ್ತಿದರೆ ರೆಸಿಸ್ಟೆನ್ಸ್ ಕಡಿಮೆಯಾಗಿ ಕಾರು ಓಡುತ್ತದೆ. ಪೂರ್ತಿ ಬಿಟ್ಟರೆ ಮೋಟಾರಿನ ಎರಡು ತುದಿಗಳೂ ಶಾರ್ಟ್ ಆಗಿ, ಮೋಟಾರೇ ಡೈನಮೋ ಆಗಿ, ತನ್ನನ್ನು ತಾನೇ ಹಿಡಿದು ನಿಲ್ಲಿಸುತ್ತದೆ. ಇಂಜಿನಿಯರಿಂಗ್‌ನಲ್ಲಿ ಪರೀಕ್ಷೆಗೋಸ್ಕರ ಉರು ಹೊಡೆದಿದ್ದ ಡೈನಾಮಿಕ್ ಬ್ರೇಕಿಂಗ್ ಅಂದರೆ ಇಷ್ಟೇನಾ ಅಂತ ಗೊತ್ತಾಗಿದ್ದು ಇಲ್ಲಿ! ತಿರುವಿಗೆ ವೇಗ ಹೆಚ್ಚಾದರೆ ಕಾರು ಸೀಳು ಬಿಟ್ಟು ಹಾರುತ್ತದೆ. ಅಲ್ಲಿ ನಿಂತಿರುವ ಮಾರ್ಷಲ್ ಅದನ್ನೆತ್ತಿ ಮತ್ತೆ ಕೂರಿಸಬೇಕು. ಒಂದು ಹೀಟ್ ಓಡಿಸಿದವರು ಮುಂದಿನ ಹೀಟಿಗೆ ಮಾರ್ಷಲ್ ಆಗಬೇಕು. ಎದುರಾಳಿಯ ಕಾರನ್ನೂ ಅಷ್ಟೇ ಚುರುಕಾಗಿ ಕೂರಿಸಬೇಕು, ಅದು ಮರ್ಯಾದೆ.

ಈ ಆಟ ಹುಟ್ಟಿದ ಕತೆಯೂ ಚೆನ್ನಾಗಿದೆ. ಫ್ರೆಡ್ ಫ್ರಾನ್ಸಿಸ್ ಅನ್ನುವವರ ಮಿನಿಮಾಡೆಲ್ಸ್ ಕಂಪನಿ 1952ರಲ್ಲಿ ಸ್ಪ್ರಿಂಗ್ ಬಲದಿಂದ ಓಡುವ ತಗಡಿನ ಕಾರು ತಂದಿತ್ತು, ಹೆಸರು ಸ್ಕೇಲೆಕ್ಸ್. 1957ರ ಹ್ಯಾರೊಗೇಟ್ ಆಟಿಕೆ ಮೇಳಕ್ಕೆ ಅದೇ ಕಾರಿಗೆ ಎಲೆಕ್ಟ್ರಿಕ್ ಮೋಟಾರು ಹಾಕಿ ತಂದರು. ಸ್ಕೇಲೆಕ್ಸ್‌ಗೆ ಎಲೆಕ್ಟ್ರಿಕ್ ಸೇರಿ ಸ್ಕೇಲೆಕ್ಸ್ಟ್ರಿಕ್ ಆಯಿತು. ನಿಜವಾದ ಕಾರಿನ ಮೂವತ್ತೆರಡನೇ ಒಂದು ಪಾಲು ಅಳತೆ. ನಾವು ಓಡಿಸುವುದೂ ಅದೇ ಅಳತೆಯದ್ದು. 2009ರಲ್ಲಿ ಜೇಮ್ಸ್ ಮೇ ಟಿವಿ ಕಾರ್ಯಕ್ರಮಕ್ಕಾಗಿ ಬ್ರೂಕ್‌ಲ್ಯಾಂಡ್ಸ್‌ನ ಹಳೇ ರೇಸ್ ಟ್ರ್ಯಾಕಿನ ಜಾಡಿನಲ್ಲೇ ನಾಲ್ಕೂವರೆ ಕಿಲೋಮೀಟರಿಗೂ ಉದ್ದದ ಸ್ಲಾಟ್ ಟ್ರ್ಯಾಕ್ ಹಾಸಿಸಿ ಗಿನ್ನೆಸ್ ದಾಖಲೆ ಮಾಡಿದ್ದರು.

ನಾನು ಮೂಡಬಿದ್ರೆಯವನು. ಕೋಟಿ-ಚೆನ್ನಯ ಜೋಡುಕರೆಯಲ್ಲಿ ಕಂಬಳ ನೋಡುತ್ತಾ ಬೆಳೆದವನಿಗೆ ರೇಸಿನ ಹುಚ್ಚು ಹೊಸದಲ್ಲ. ಆದರೆ ಕಂಬಳದ ಕರೆ ನೇರ. ಇಲ್ಲಿ ನಾಲ್ಕು ಲೇನಿಗೂ ಬೇರೆ ಬೇರೆ ತಿರುವು, ಒಳಗಿನದು ಇಕ್ಕಟ್ಟು, ಹೊರಗಿನದು ಉದ್ದ. ಅದಕ್ಕೇ ಪ್ರತಿಯೊಬ್ಬರೂ ನಾಲ್ಕೂ ಲೇನಿನಲ್ಲಿ ಮೂರು ಮೂರು ನಿಮಿಷ ಓಡಿಸಬೇಕು. ಒಟ್ಟು ಸುತ್ತುಗಳ ಲೆಕ್ಕ. ಒಳ್ಳೇ ಲೇನು ಸಿಕ್ಕಿದ್ದಕ್ಕೆ ಗೆದ್ದ ಅಂತ ಯಾರೂ ಹೇಳುವ ಹಾಗಿಲ್ಲ. ಆಫೀಸಿನ ಅಪ್ರೈಸಲ್ಲಿಗೂ ಇಂಥದ್ದೊಂದು ರೂಲ್ ಇದ್ದಿದ್ದರೆ.... ಇರಲಿ ಬಿಡಿ.

ಈಗ ಅಜ್ಜನ ವಿಷಯ. ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ಎಪ್ಪತ್ನಾಲ್ಕು ವರ್ಷದ ಹಿರಿಯರನ್ನು ಹಾಗೆ ಕರೆಯುವಾಗ ಇವತ್ತಿಗೂ ನನ್ನ ನಾಲಿಗೆ ತಡವರಿಸುತ್ತದೆ. ಮನಸ್ಸಿನಲ್ಲಿ ನಾನು ಕರೆಯುವುದು ಅಜ್ಜ ಅಂತಲೇ. ರೈಟನ್ನಿನ ಪ್ಯೂಜೋ ಕಾರ್ಖಾನೆ 2006ರಲ್ಲಿ ಮುಚ್ಚುವವರೆಗೂ ಅಲ್ಲಿ ಫಿಟ್ಟರ್ ಆಗಿದ್ದವರು. ನಮ್ಮ ಟ್ರ್ಯಾಕಿನ ಸೀಳುಗಳನ್ನು ರೌಟರ್ ಹಿಡಿದು ಕೊರೆದವರೂ ಅವರೇ. ನನಗೆ ಟೈರ್ ಉಜ್ಜಿ ಸಮ ಮಾಡುವುದು, ಬಾಡಿಯ ಸ್ಕ್ರೂ ಅರ್ಧ ಸುತ್ತು ಸಡಿಲ ಬಿಡುವುದು ಎಲ್ಲ ಕಲಿಸಿದ್ದು ಅವರು. ಮೊನ್ನೆಮೊನ್ನೆಯವರೆಗೂ ಲೀಗಿನ ಮೊದಲ ಮೂವರಲ್ಲಿ ಅವರ ಹೆಸರು ಇದ್ದೇ ಇರುತ್ತಿತ್ತು.

ಕಳೆದ ಚಳಿಗಾಲದಿಂದ ಅವರ ಕೈ ನಡುಗಲು ಶುರುವಾಯಿತು. ಟೀ ಕಪ್ಪಿನಲ್ಲಿ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. ಟ್ರಿಗರಿನಲ್ಲಿ ಗೊತ್ತಾಗುತ್ತಿತ್ತು. ತಿರುವಿನ ನಡುವೆ ಬೆರಳು ಒಂದೆರಡು ಮಿಲಿಮೀಟರ್ ಅಲುಗಿದರೂ ಸಾಕು, ಕಾರು ಹೊರಗೆ. ಒಂದೊಂದು ಹೀಟಿನಲ್ಲಿ ಐದಾರು ಸಲ. ನಾನು ಮಾರ್ಷಲ್ ಆಗಿ ಅವರ ಕಾರನ್ನು ಎತ್ತಿಡುವಾಗ ಅವರ ಮುಖ ನೋಡುತ್ತಿರಲಿಲ್ಲ.

ಸಾಫ್ಟ್‌ವೇರ್‌ನವನ ತಲೆ ಕೇಳಬೇಕೇ? ಎರಡು ವೀಕೆಂಡ್ ಕೂತು ಆರ್ಡುಯಿನೋ ಹಾಕಿ ಒಂದು ಕಂಟ್ರೋಲರ್ ಮಾಡಿದೆ. ಅವರ ನಡುಕ ಸೆಕೆಂಡಿಗೆ ಸುಮಾರು ಐದು ಸಲ. ಹಾಗಾಗಿ ಟ್ರಿಗರಿನ ಕಳೆದ 0.2 ಸೆಕೆಂಡಿನ ಸರಾಸರಿ ತೆಗೆದರೆ ನಡುಕ ಬಹುತೇಕ ಅಳಿಸಿಹೋಗುತ್ತದೆ, ಬೆರಳಿನ ಉದ್ದೇಶ ಮಾತ್ರ ಉಳಿಯುತ್ತದೆ. ಕ್ಲಬ್ಬಿನ ಮೀಟಿಂಗಿನಲ್ಲಿ ಇದನ್ನು ಲೀಗಿಗೂ ಬಿಡಬೇಕು ಅಂತ ಕೇಳಿದೆ. ರೂಲ್ ಪ್ರಕಾರ ಎಲ್ಲರಿಗೂ ಒಂದೇ ಥರದ 45 ಓಮ್ ಕಂಟ್ರೋಲರ್. ಇದೊಂದನ್ನು ಬಿಟ್ಟರೆ ನಾಳೆ ಇನ್ನೊಂದು ಬರುತ್ತದೆ ಅಂತ ಒಬ್ಬರು ತಕರಾರು ತೆಗೆದರು. ಸರಾಸರಿ ತೆಗೆಯುವುದರಿಂದ ಬ್ರೇಕ್ 0.1 ಸೆಕೆಂಡ್ ತಡವಾಗುತ್ತದೆ, ನೇರ ದಾರಿಯಲ್ಲಿ ಸೆಕೆಂಡಿಗೆ ನಾಲ್ಕು ಮೀಟರ್ ಓಡುವ ಕಾರಿಗೆ ಅದು ನಲವತ್ತು ಸೆಂಟಿಮೀಟರ್, ಗಟ್ಟಿ ಕೈಯವರು ಯಾರೂ ಇದನ್ನು ಬಯಸುವುದಿಲ್ಲ ಅಂತ ಬೋರ್ಡಿನ ಮೇಲೆ ಬರೆದು ತೋರಿಸಿದೆ. ವೋಟಿಗೆ ಹಾಕಿದರು. ಒಪ್ಪಿಗೆ ಒಂಬತ್ತು, ವಿರೋಧ ಎರಡು.

ಆ ಎರಡರಲ್ಲಿ ಒಂದು ಕೈ ಅಜ್ಜನದು. ಮೇಲೆತ್ತಿದ ಆ ಕೈ ನಡುಗುತ್ತಿತ್ತು.

ನನಗೆ ಬೇಜಾರಾಯಿತು, ಸುಳ್ಳೇಕೆ ಹೇಳಲಿ. ಹೊರಗೆ ಕಾರ್ ಪಾರ್ಕಿನಲ್ಲಿ ಕೇಳಿಯೇಬಿಟ್ಟೆ. ನೀನು ಕೊಟ್ಟಿದ್ದನ್ನು ಪ್ರಾಕ್ಟೀಸಿನಲ್ಲಿ ಓಡಿಸಿ ನೋಡಿದೆ, ಚೆನ್ನಾಗಿದೆ, ಆದರೆ ಕಾರು ನನ್ನ ಮಾತನ್ನು ಸ್ವಲ್ಪ ತಡವಾಗಿ ಕೇಳುತ್ತದೆ ಅಂದರು. ನಡುಕ ನನ್ನದು, ಅದಕ್ಕೆ ಕಾರಿನಲ್ಲೇ ಏನಾದರೂ ಮಾಡುತ್ತೇನೆ, ಮೂರು ವಾರ ಕೊಡು ಅಂದರು.

ಮೂರು ವಾರದ ಮೇಲೆ ಬಂದ ಕಾರು ನೋಡಿ ಬೆರಗಾದೆ. ರೂಲ್ ಬುಕ್ಕು ಒಪ್ಪುವ ಎರಡು ಮೋಟಾರುಗಳಲ್ಲಿ ನಿಧಾನದ್ದನ್ನು ಹಾಕಿದ್ದರು. ಬೆರಳು ಅಷ್ಟೇ ಅಲುಗಿದರೂ ವೇಗ ಅಷ್ಟು ಏರಿಳಿಯುವುದಿಲ್ಲ. ಚಾಸಿಗೆ ತೆಳ್ಳಗಿನ ಸೀಸದ ತುಂಡುಗಳನ್ನು ಅಂಟಿಸಿದ್ದರು. ಭಾರದ ಕಾರು ಪ್ರತಿ ನಡುಕಕ್ಕೂ ಪ್ರತಿಕ್ರಿಯೆ ಕೊಡುವುದಿಲ್ಲ. ನಾನು ಕೋಡಿನಲ್ಲಿ ಬರೆದ ಫಿಲ್ಟರನ್ನು ಅವರು ಸೀಸದಲ್ಲಿ ಮಾಡಿದ್ದರು! ಇದರಲ್ಲೂ ತಡ ಇದೆಯಲ್ಲ ಅಂದೆ. ಇದೆ, ಆದರೆ ಭಾರದ ಕಾರು ಹೇಗೆ ನಿಲ್ಲುತ್ತದೆ ಅಂತ ಐವತ್ತು ವರ್ಷದಿಂದ ನನಗೆ ಗೊತ್ತು ಅಂದರು.

ಸುತ್ತಿಗೆ 0.2 ಸೆಕೆಂಡ್ ನಿಧಾನ. ಎಂಟು ಸೆಕೆಂಡಿನ ಸುತ್ತು, ಹೀಟಿಗೆ ಇಪ್ಪತ್ತೆರಡು ಸುತ್ತು, ಅಂದರೆ ನಾಲ್ಕೂವರೆ ಸೆಕೆಂಡ್ ನಷ್ಟ. ಕಾರು ಒಂದು ಸಲ ಹಾರಿದರೆ ಹೋಗುವುದೂ ಹೆಚ್ಚುಕಡಿಮೆ ನಾಲ್ಕು ಸೆಕೆಂಡೇ. ಆ ರಾತ್ರಿ ನಾಲ್ಕು ಹೀಟಿನಲ್ಲಿ ಅವರ ಕಾರು ಹಾರಿದ್ದು ಒಟ್ಟು ಮೂರೇ ಸಲ. ಹನ್ನೆರಡು ಜನರಲ್ಲಿ ನಾಲ್ಕನೆಯವರಾದರು. ನಾನು ಆರನೆಯವನು :)

ನಡುಕ ಇಲ್ಲಿಗೇ ನಿಲ್ಲುವುದಿಲ್ಲ ಅಂತ ಡಾಕ್ಟರು ಹೇಳಿದ್ದಾರಂತೆ. ಸೀಸಕ್ಕೂ ಒಂದು ಮಿತಿ ಇದೆ, ಅದು ನನಗಿಂತ ಚೆನ್ನಾಗಿ ಅಜ್ಜನಿಗೆ ಗೊತ್ತು. ನನ್ನ ಕಂಟ್ರೋಲರಿಗೆ ಒಪ್ಪಿಗೆ ಸಿಕ್ಕಿದ್ದು ಸರಿ ಅಂತಲೇ ಈಗಲೂ ನನ್ನ ಅಭಿಪ್ರಾಯ. ಅವರಲ್ಲದಿದ್ದರೆ ಇನ್ನೊಬ್ಬರಿಗೆ ಬೇಕಾಗಬಹುದು. ಅದು ಹಾಲಿನ ಕಪಾಟಿನಲ್ಲಿ ಬ್ಯಾಟರಿ, ಟೇಪುಗಳ ಪಕ್ಕದಲ್ಲಿದೆ. ಕಪಾಟಿಗೆ ಬೀಗ ಇಲ್ಲ. ಹೋದ ವಾರ ಅಜ್ಜ ಅದನ್ನು ಕೈಗೆತ್ತಿಕೊಂಡು, ತಿರುಗಿಸಿ ನೋಡಿ, ಟ್ರಿಗರಿನ ಸ್ಪ್ರಿಂಗ್ ತುಂಬ ಬಿಗಿಯಾಗಿದೆ, ಸಡಿಲ ಮಾಡು ಅಂದರು. ಮಾಡುತ್ತಿದ್ದೇನೆ.